ಡೇರಿ ಚೀಟಿಲಿ ಲಕ್ಷ್ಮಮ್ಮ ಅಂತ ಸರಿಯಾಗಿ ಬರ್ಲಿ ಅಂತ ಹಾರ್ಫ್‌ಬಜ್ ಬಿಲ್ಡ್ ಮಾಡಿದ್ದು: ನನ್ನ ಅನುಭವ

ನಮ್ಮೂರ ಹಾಲಿನ ಡೇರಿಲಿ ದಿನಾ ಎರಡು ಹೊತ್ತು ಹಾಲು ಹಾಕ್ತಾರೆ, ಹಾಕಿದ್ಮೇಲೆ ಎಷ್ಟು ಲೀಟರ್, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಲ್ಲಿರೋ ಮಿಕ್ಕ ಗಟ್ಟಿ ಅಂಶ) ಎಷ್ಟು, ದುಡ್ಡು ಎಷ್ಟಾಯ್ತು ಅಂತ ಒಂದು ಸಣ್ಣ ಚೀಟಿ ಕೊಡ್ತಾರೆ. ಆ ಚೀಟಿ ಇಂಗ್ಲಿಷಲ್ಲಿತ್ತು. ಅಲ್ಲಿ ಸೆಕ್ರೆಟರಿ ನಮ್ಮ ಸೋದರಮಾವ, ಒಂದಿನ ಊಟಕ್ಕೆ ಕೂತಾಗ "ನೀನು ಕಂಪ್ಯೂಟರ್ ಕೆಲ್ಸ ಮಾಡ್ತೀಯಲ್ಲಪ್ಪಾ, ಇದನ್ನ ಕನ್ನಡದಲ್ಲಿ ಬರೋ ಹಂಗೆ ಮಾಡ್ಕೊಡೋಕಾಗಲ್ವಾ" ಅಂದ್ರು. ಆಗುತ್ತೆ ಮಾವ ಅಂದೆ. ಒಂದು ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡು, 58 ಮಿ.ಮೀ. ಪೇಪರಿನ ಥರ್ಮಲ್ ಪ್ರಿಂಟರು, ಇಷ್ಟೇ ಸಾಮಾನು. ಈ ಥರದ ಪ್ರಿಂಟರಲ್ಲಿ ಕನ್ನಡ ಅಕ್ಷರ ಇರಲ್ಲ, ಹಾಗಾಗಿ ನಾವೇ ಅಕ್ಷರಾನ ಚಿತ್ರ ಮಾಡಿ ಕಳಿಸ್ಬೇಕು, ಒಂದು ಸಾಲಿಗೆ 384 ಚುಕ್ಕಿ ಅಂದ್ರೆ 48 ಬೈಟ್. ಫಾಂಟ್ ಫೈಲಿಂದ ಅಕ್ಷರ ಬಿಡಿಸೋಕೆ ಫ್ರೀಟೈಪ್ ಅನ್ನೋ ಲೈಬ್ರರಿ (ಬೇರೆಯವ್ರು ಬರೆದಿಟ್ಟಿರೋ ರೆಡಿ ಕೋಡ್) ಇದೆ, ಅದನ್ನ ಇಟ್ಕೊಂಡು ಸಿ ಭಾಷೆಲಿ ಒಂದು ಸಣ್ಣ ಪ್ರೋಗ್ರಾಂ ಬರ್ದು ಎರಡು ದಿನದಲ್ಲಿ ಮುಗಿಸ್ದೆ.

ಮೊದಲನೇ ದಿನ ಸಾಯಂಕಾಲ ಲಕ್ಷ್ಮಮ್ಮ ಅಂತ ಒಬ್ರು ಅಜ್ಜಿ ಚೀಟಿ ಇಸ್ಕೊಂಡು ಅಲ್ಲೇ ನಿಂತ್ಕೊಂಡ್ರು. "ಇದು ನನ್ ಹೆಸ್ರಲ್ಲ ಕಣಪ್ಪಾ" ಅಂದ್ರು. ಅವ್ರಿಗೆ ಓದು ಬರಲ್ಲ, ಆದ್ರೆ ಸಹಿ ಮಾಡೋದನ್ನ ಕಲ್ತಿದ್ದಾರೆ, ತಮ್ಮ ಹೆಸರಿನ ಆಕಾರ ಅವ್ರಿಗೆ ಗೊತ್ತು. ಚೀಟಿ ಇಸ್ಕೊಂಡು ನೋಡ್ದೆ, ಲಕ್‌ಷ್‌ಮಮ್‌ಮ ಅಂತ ಬಂದಿತ್ತು, ಒತ್ತು ಒಂದೂ ಕೆಳಗೆ ಹೋಗಿಲ್ಲ. ನಾನು ಟೆಸ್ಟ್ ಮಾಡುವಾಗ ಹಾಕಿದ್ದ ಹೆಸರುಗಳೆಲ್ಲಾ ಕಮಲ, ಭರತ, ಮದನ ಥರದವು, ಒತ್ತಕ್ಷರಾನೂ ಗುಣಿತಾನೂ ಇಲ್ಲದವು. ಅವತ್ತು ರಾತ್ರಿ ನಂಗೆ ತುಂಬಾ ಬೇಜಾರಾಯ್ತು. ದುಡ್ಡಿನ ಲೆಕ್ಕದ ಚೀಟಿ ಅದು, ಮೇಲಿರೋ ಹೆಸರೇ ತನ್ನದಲ್ಲ ಅನ್ಸಿದ್ರೆ ಕೆಳಗಿರೋ ಲೆಕ್ಕಾನ ಯಾಕೆ ನಂಬ್ಬೇಕು.

ಯಾಕೆ ಹಿಂಗಾಯ್ತು ಅಂದ್ರೆ, ಯುನಿಕೋಡಲ್ಲಿ (ಒಂದೊಂದು ಅಕ್ಷರಕ್ಕೂ ಗುರುತಿಗೂ ಒಂದು ನಂಬರ್ ಕೊಡೋ ಪದ್ಧತಿ) ಲಕ್ಷ್ಮಮ್ಮ ಅನ್ನೋದು ಒಟ್ಟು 9 ಕೋಡು: ಲ, ಕ, ಹಲಂತ, ಷ, ಹಲಂತ, ಮ, ಮ, ಹಲಂತ, ಮ. ಫ್ರೀಟೈಪ್‌ಗೆ ಒಂದು ಕೋಡ್ ಕೊಟ್ರೆ ಒಂದು ಚಿತ್ರ ಕೊಡುತ್ತೆ, ಅಷ್ಟೇ ಅದರ ಕೆಲಸ. ಕ ಮತ್ತು ಷ ಸೇರಿ ಕ್ಷ ಆಗ್ಬೇಕು, ಅದರ ಕೆಳಗೆ ಮ ಒತ್ತು ಬರ್ಬೇಕು ಅನ್ನೋದೆಲ್ಲಾ ಫಾಂಟ್ ಒಳಗೆ ನಿಯಮಗಳಾಗಿ ಇರುತ್ತೆ, ಆದ್ರೆ ಆ ನಿಯಮ ಓದಿ ನಡೆಸೋಕೆ ಬೇರೆ ಒಬ್ರು ಬೇಕು. ಧರ್ಮ ಅಂತ ಬರೆದ್ರೆ ರ ಮೊದಲು ಟೈಪ್ ಆಗುತ್ತೆ, ಆದ್ರೆ ಅರ್ಕಾವತ್ತು ಕಾಣೋದು ಮ ಆದ್ಮೇಲೆ, ಅಂದ್ರೆ ಜಾಗಾನೂ ಅದಲು ಬದಲು ಮಾಡ್ಬೇಕು. ಈ ಕೆಲಸಕ್ಕೆ ಶೇಪಿಂಗ್ ಅಂತಾರೆ, ಅದನ್ನ ಮಾಡೋ ಲೈಬ್ರರಿನೇ ಹಾರ್ಫ್‌ಬಜ್. ಬೆಹದಾದ್ ಎಸ್ಫಹಬೋದ್ ಅನ್ನೋ ಇರಾನ್ ಮೂಲದ ಇಂಜಿನಿಯರ್ ಕಟ್ಟಿದ್ದು, ಹೆಸರು ಫಾರ್ಸಿದು, ಹರ್ಫ್ ಅಂದ್ರೆ ಅಕ್ಷರ, ಬಾಜ್ ಅಂದ್ರೆ ತೆರೆದಿರೋದು, ಓಪನ್‌ಟೈಪ್ (ಈ ನಿಯಮಗಳೆಲ್ಲಾ ಇರೋ ಫಾಂಟ್ ಫೈಲಿನ ನಮೂನೆ) ಅನ್ನೋದನ್ನೇ ಫಾರ್ಸಿಲಿ ಹೇಳಿರೋದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್, ಲಿಬ್ರೆ ಆಫೀಸ್ ಎಲ್ಲದರ ಒಳಗೂ ಇದೇ ಇದೆ. ನೀವು ಆಂಡ್ರಾಯ್ಡ್ ಫೋನಲ್ಲಿ ಇದನ್ನ ಓದ್ತಿದ್ರೆ ಈ ಒತ್ತುಗಳನ್ನ ಜೋಡಿಸಿರೋದೂ ಅದೇ.

ಲಿನಕ್ಸಲ್ಲಿ ರೆಡಿ ಪ್ಯಾಕೇಜ್ ತಂದು ಹಾಕೋ ಎಪಿಟಿ ಕಮಾಂಡಲ್ಲೇ ಇದನ್ನ ಇನ್‌ಸ್ಟಾಲ್ ಮಾಡಿದ್ರೆ ಆಗಲ್ವಾ ಅಂತ ಕೇಳ್ತೀರ, ಮೊದಲು ಅದನ್ನೇ ಹೇಳ್ತೀನಿ. ನಿಮ್ಮ ಲ್ಯಾಪ್‌ಟಾಪಲ್ಲಿ ಮಾತ್ರ ಓಡೋ ಪ್ರೋಗ್ರಾಂ ಆದ್ರೆ ಎಪಿಟಿನೇ ಸಾಕು, ಸುಮ್ನೆ ಸೋರ್ಸ್ ಕೋಡ್ ತಂದು ನೀವೇ ಕಂಪೈಲ್ ಮಾಡೋಕೆ (ಅದಕ್ಕೇ ಬಿಲ್ಡ್ ಅನ್ನೋದು) ಒದ್ದಾಡ್ಬೇಡಿ. ನಂಗೆ ಬೇಕಿದ್ದು ಬೇರೆ. ಡೇರಿಲಿರೋ ಬೋರ್ಡಿಗೆ ಸರಿಯಾದ ಇಂಟರ್ನೆಟ್ ಇಲ್ಲ, ಪೆನ್‌ಡ್ರೈವಲ್ಲಿ ಒಂದೇ ಒಂದು ಫೈಲ್ ತಗೊಂಡೋಗಿ ಹಾಕಿದ್ರೆ ಓಡ್ಬೇಕು. ಡೆಬಿಯನ್ (ಒಂದು ಥರದ ಲಿನಕ್ಸ್) ಕೊಡೋ ಹಾರ್ಫ್‌ಬಜ್ ಜತೆ ಜಿಲಿಬ್, ಗ್ರಾಫೈಟ್ ಅಂತ ಬೇರೆ ಲೈಬ್ರರಿ ನೆಂಟರೂ ಬರ್ತಾರೆ, ನನ್ನ ಚೀಟಿಗೆ ಅವ್ರು ಯಾರೂ ಬೇಡ. ಹಾಗಾಗಿ ನಾನೇ ಬೇಕಾದಷ್ಟನ್ನ ಮಾತ್ರ ಆರಿಸ್ಕೊಂಡು ಸ್ಟ್ಯಾಟಿಕ್ ಲೈಬ್ರರಿಯಾಗಿ (ಪ್ರೋಗ್ರಾಂ ಫೈಲೊಳಗೇ ಸೇರ್ಕೊಳ್ಳೋ ಥರ) ಬಿಲ್ಡ್ ಮಾಡ್ಬೇಕಿತ್ತು.

ಮೊದಲು ಲ್ಯಾಪ್‌ಟಾಪಲ್ಲಿ ಕಲಿಯೋಣ ಅಂತ ಶುರು ಮಾಡ್ದೆ, ಉಬುಂಟು 22.04. ಬೇಕಾಗಿದ್ದು ಸಿ ಮತ್ತು ಸಿ ಪ್ಲಸ್ ಪ್ಲಸ್ ಕಂಪೈಲರ್, ಬಿಲ್ಡಿಗೆ ಸಿದ್ಧ ಮಾಡೋ ಮೆಸನ್, ಬಿಲ್ಡ್ ನಡೆಸೋ ನಿಂಜಾ, ಯಾವ ಲೈಬ್ರರಿ ಎಲ್ಲಿದೆ ಅಂತ ಹೇಳೋ ಪಿಕೆಜಿ ಕಾನ್ಫಿಗ್, ಫ್ರೀಟೈಪ್‌ನ ಡೆವ್ ಪ್ಯಾಕೇಜ್. ಗಿಟ್‌ಹಬ್‌ನಿಂದ ಕ್ಲೋನ್ ಮಾಡಿ, ಕೊನೇ ರಿಲೀಸಿನ ಟ್ಯಾಗ್‌ಗೆ ಚೆಕ್‌ಔಟ್ ಮಾಡ್ದೆ (ಮೈನ್ ಬ್ರಾಂಚಲ್ಲಿ ಬಿಲ್ಡ್ ಮಾಡ್ಬೇಡಿ, ಇವತ್ತು ಒಂದು ಥರ ನಾಳೆ ಒಂದು ಥರ ಇರುತ್ತೆ). ಆಮೇಲೆ ಮೆಸನ್ ಸೆಟಪ್ ಬಿಲ್ಡ್, ನಿಂಜಾ ಹೈಫನ್ ಸಿ ಬಿಲ್ಡ್, ಎರಡೇ ಕಮಾಂಡು. ಒಂದೂ ಎರರ್ ಇಲ್ಲದೆ ಮುಗೀತು. ಆದ್ರೆ ನಂಗೆ ಬೇಕಿದ್ದ ಎಚ್‌ಬಿ ಶೇಪ್ ಅನ್ನೋ ಟೆಸ್ಟ್ ಮಾಡೋ ಕಮಾಂಡೇ ಎಲ್ಲೂ ಇಲ್ಲ. ಡೌನ್‌ಲೋಡ್ ಸರಿಯಾಗಿಲ್ವೇನೋ ಅಂತ ಪೂರ್ತಿ ಅಳಿಸಿ ಮತ್ತೆ ಮಾಡ್ದೆ, ಮತ್ತೂ ಇಲ್ಲ. ಆಮೇಲೆ ಸೆಟಪ್ ಔಟ್‌ಪುಟ್‌ನ ಮೊದಲಿಂದ ಓದ್ದೆ. ಕೊನೇಲಿ ಒಂದು ಪಟ್ಟಿ ಇದೆ, ಫ್ರೀಟೈಪ್ ಯೆಸ್, ಜಿಲಿಬ್ ನೋ, ಕೈರೋ ನೋ ಅಂತ. ಎಚ್‌ಬಿ ಶೇಪ್‌ಗೆ ಜಿಲಿಬ್ ಬೇಕು, ಅಕ್ಷರಾನ ಚಿತ್ರ ಮಾಡಿ ತೋರ್ಸೋ ಎಚ್‌ಬಿ ವ್ಯೂಗೆ ಕೈರೋನೂ ಬೇಕು, ಇಲ್ಲಾಂದ್ರೆ ಅವನ್ನ ಬಿಟ್ಟು ಮುಂದೆ ಹೋಗುತ್ತೆ, ಎರರ್ ಕೊಡಲ್ಲ, ಯಾಕಂದ್ರೆ ಆ ಆಪ್ಷನ್‌ಗಳೆಲ್ಲಾ ಆಟೋ ಅಂತಿರುತ್ತೆ. ಅವತ್ತಿಂದ ನಾನು ಯಾವ್ದನ್ನೂ ಆಟೋ ಬಿಡಲ್ಲ, ಬೇಕಿದ್ರೆ ಎನೇಬಲ್ಡ್, ಬೇಡದಿದ್ರೆ ಡಿಸೇಬಲ್ಡ್ ಅಂತ ಕೈಯಾರೆ ಕೊಡ್ತೀನಿ, ಆಗ ಬೇಕಾಗಿದ್ದು ಸಿಗ್ಲಿಲ್ಲ ಅಂದ್ರೆ ಸೆಟಪ್ ಅಲ್ಲೇ ನಿಂತು ಹೇಳುತ್ತೆ.

ಎಚ್‌ಬಿ ಶೇಪ್ ಬಂದ್ಮೇಲೆ ನೋಟೋ ಸಾನ್ಸ್ ಕನ್ನಡ ಫಾಂಟ್ ಕೊಟ್ಟು ಲಕ್ಷ್ಮಮ್ಮ ಅಂತ ಹಾಕ್ದೆ. 9 ಕೋಡ್ ಹೋಗಿ 5 ಚಿತ್ರ ಬಂತು: ಲ, ಕ್ಷ, ಅದರ ಮ ಒತ್ತು, ಆಮೇಲೆ ಮ, ಅದರ ಒತ್ತು. ಪ್ರತಿಯೊಂದರ ಮುಂದೆ ಕ್ಲಸ್ಟರ್ ಅಂತ ಒಂದು ನಂಬರ್ ಬರುತ್ತೆ. ಯುಟಿಎಫ್ 8ರಲ್ಲಿ (ಯುನಿಕೋಡ್ ಕೋಡನ್ನ ಬೈಟಾಗಿ ಬರೆಯೋ ರೀತಿ) ಕನ್ನಡದ ಒಂದೊಂದು ಕೋಡೂ 3 ಬೈಟ್, ನನ್ನ ಪ್ರೋಗ್ರಾಮಲ್ಲಿ ಆ ಬೈಟ್ ಲೆಕ್ಕದಲ್ಲೇ ನೋಡಿದ್ರೆ ಲ ದು 0, ಕ್ಷ್ಮ ಪೂರ್ತಿ 3, ಮ್ಮ ಪೂರ್ತಿ 18. ನೋಡಿ, ನಾವು ಕಾಗುಣಿತದಲ್ಲಿ ಒಂದು ಅಕ್ಷರ ಅಂತ ಏನು ಅಂತೀವೋ ಅದೇ ಅದಕ್ಕೂ ಒಂದು ಗುಂಪು. ಇದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು, ಹೆಸರು ಉದ್ದ ಇದ್ದು 384 ಚುಕ್ಕಿ ದಾಟಿದ್ರೆ ಕ್ಲಸ್ಟರ್ ನಂಬರ್ ಬದಲಾಗೋ ಜಾಗದಲ್ಲಿ ಮಾತ್ರ ಸಾಲು ಮುರಿಯೋದು, ಒತ್ತು ಒಂದು ಸಾಲಲ್ಲಿ ಅಕ್ಷರ ಇನ್ನೊಂದು ಸಾಲಲ್ಲಿ ಆಗಲ್ಲ.

ಲ್ಯಾಪ್‌ಟಾಪಲ್ಲೇ ಇನ್ನೊಂದು ವಿಷ್ಯಕ್ಕೆ ಅರ್ಧ ದಿನ ಹೋಯ್ತು. ಸಿಸ್ಟಮ್ ಫೈಲ್ ಮುಟ್ಟೋದು ಬೇಡ ಅಂತ ಪ್ರಿಫಿಕ್ಸ್ ಆಪ್ಷನಲ್ಲಿ ನನ್ನ ಹೋಮ್ ಫೋಲ್ಡರ್ ಒಳಗೇ ಇನ್‌ಸ್ಟಾಲ್ ಮಾಡಿದ್ದೆ, ಪಿಕೆಜಿ ಕಾನ್ಫಿಗ್ ಪಾತ್ ಅಲ್ಲಿಗೇ ತೋರ್ಸಿದ್ದೆ, ಕಂಪೈಲ್ ಚೆನ್ನಾಗೇ ಆಯ್ತು. ಆದ್ರೆ ಓಡಿಸಿದಾಗ ವರ್ಷನ್ ಕೇಳಿದ್ರೆ 2.7.4 ಅಂತ ಬರ್ತಿದೆ, ಅದು ಉಬುಂಟು 22.04 ಜತೆಗೆ ಬರೋ ಹಳೇದು. ಅಂದ್ರೆ ಕಂಪೈಲ್ ಮಾಡುವಾಗ ಓದೋ ಹೆಡರ್ ಫೈಲ್ ಹೊಸದು, ಓಡೋವಾಗ ಲೋಡ್ ಆಗ್ತಿರೋ ಲೈಬ್ರರಿ ಹಳೇದು. ಎಲ್‌ಡಿಡಿ ಅನ್ನೋ ಕಮಾಂಡ್ ಕೊಟ್ಟು ನೋಡಿದ್ರೆ ನಿಜ್ವಾಗ್ಲೂ ಸಿಸ್ಟಮ್ ಫೋಲ್ಡರಿನ ಫೈಲನ್ನೇ ತೋರಿಸ್ತು. ಬಿಲ್ಡ್ ಮಾಡುವಾಗ ಯಾವ್ದು ಸಿಕ್ತು ಅನ್ನೋದು ಬೇರೆ, ಓಡುವಾಗ ಯಾವ್ದು ಸಿಗುತ್ತೆ ಅನ್ನೋದು ಬೇರೆ, ಇದನ್ನ ಓದಿದ್ದೆ ಆದ್ರೆ ಅನುಭವಕ್ಕೆ ಬಂದಿದ್ದು ಅವತ್ತೇ. ಲಿಂಕ್ ಮಾಡುವಾಗ ಆರ್‌ಪಾತ್ (ಓಡುವಾಗ ಲೈಬ್ರರಿನ ಎಲ್ಲಿ ಹುಡುಕ್ಬೇಕು ಅನ್ನೋ ದಾರಿ) ಕೊಟ್ರೆ ಸರಿಹೋಗುತ್ತೆ. ಈಗ ನನ್ನ ಪ್ರೋಗ್ರಾಂ ಶುರುವಾಗ್ತಿದ್ದ ಹಾಗೇ ಹೆಡರಲ್ಲಿರೋ ವರ್ಷನ್, ಲೈಬ್ರರಿ ಹೇಳೋ ವರ್ಷನ್ ಎರಡನ್ನೂ ಹೋಲಿಸಿ ನೋಡುತ್ತೆ, ಬೇರೆ ಬೇರೆ ಆದ್ರೆ ಮುಂದೆ ಹೋಗಲ್ಲ.

ಆಮೇಲೆ ಬೋರ್ಡು. ಝೀರೋ 2 ಡಬ್ಲ್ಯೂನಲ್ಲಿ 4 ಕೋರ್ ಇದೆ ಆದ್ರೆ ಮೆಮೊರಿ 512 ಎಂಬಿ ಅಷ್ಟೇ. ನಿಂಜಾ ಏನ್ಮಾಡುತ್ತೆ ಅಂದ್ರೆ ಎಷ್ಟು ಕೋರ್ ಇದೆಯೋ ಅದಕ್ಕಿಂತ 2 ಜಾಸ್ತಿ ಕೆಲಸ ಒಟ್ಟಿಗೆ ಶುರು ಮಾಡುತ್ತೆ, ಹಾರ್ಫ್‌ಬಜ್ ಕೋಡ್ ತುಂಬಾ ಟೆಂಪ್ಲೇಟ್ ಇರೋ ಸಿ ಪ್ಲಸ್ ಪ್ಲಸ್, 6 ಕಂಪೈಲರ್ ಒಟ್ಟಿಗೆ ಎದ್ರೆ 512 ಎಂಬಿ ಎಲ್ಲಿಗೆ ಸಾಕು. ಬೋರ್ಡು ಪೂರ್ತಿ ಮಂಕಾಗಿ, ಕೊನೆಗೆ ಕಿಲ್ಡ್ ಅಂತ ಬಂದು ನಿಲ್ತಿತ್ತು. ಎರರಲ್ಲಿ ಮೆಮೊರಿ ಅಂತ ಎಲ್ಲೂ ಬರಲ್ಲ, ಕಂಪೈಲರ್ ಸತ್ತೋಯ್ತು ಅಂತ ಮಾತ್ರ ಬರುತ್ತೆ, ಹಾಗಾಗಿ ಹೊಸಬರು ಕೋಡಲ್ಲೇ ತಪ್ಪಿದೆ ಅಂದ್ಕೊಳ್ತಾರೆ. ಹೈಫನ್ ಜೆ 1 ಕೊಟ್ಟು ಒಂದೊಂದೇ ಫೈಲ್ ಕಂಪೈಲ್ ಆಗೋ ಹಾಗೆ ಮಾಡಿ, ಟೆಸ್ಟ್, ಡಾಕ್ಯುಮೆಂಟ್ ಎಲ್ಲಾ ಡಿಸೇಬಲ್ ಮಾಡಿ, ರಾತ್ರಿ ಬಿಟ್ಟು ಮಲಗಿದೆ, ಬೆಳಗ್ಗೆ ಎದ್ದಾಗ ಆಗಿತ್ತು.

ಸ್ಟ್ಯಾಟಿಕ್ ಮಾಡುವಾಗ ಒಂದು ಸುತ್ತು ಬರುತ್ತೆ, ಅದನ್ನ ತಿಳ್ಕೊಂಡ್ರೆ ಒಳ್ಳೇದು. ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕು, ಫ್ರೀಟೈಪ್‌ಗೂ ಅದರ ಆಟೋಹಿಂಟರ್ (ಸಣ್ಣ ಗಾತ್ರದಲ್ಲೂ ಅಕ್ಷರ ಸ್ಪಷ್ಟ ಕಾಣೋ ಹಾಗೆ ಮಾಡೋ ಭಾಗ) ಕೆಲಸಕ್ಕೆ ಹಾರ್ಫ್‌ಬಜ್ ಇದ್ರೆ ಒಳ್ಳೇದು. ಯಾವ್ದು ಮೊದಲು? ಫ್ರೀಟೈಪನ್ನ ಹಾರ್ಫ್‌ಬಜ್ ಡಿಸೇಬಲ್ಡ್ ಅಂತ ಕೊಟ್ಟು ಮೊದಲು ಬಿಲ್ಡ್ ಮಾಡೋದು, ಆಮೇಲೆ ಅದನ್ನ ಇಟ್ಕೊಂಡು ಹಾರ್ಫ್‌ಬಜ್, ಪೂರ್ತಿ ಬೇಕು ಅನ್ನೋರು ಮತ್ತೆ ಇನ್ನೊಂದ್ಸಲ ಫ್ರೀಟೈಪ್. ನಾನು ಎರಡನೇ ಹೆಜ್ಜೆಗೇ ನಿಲ್ಲಿಸ್ದೆ, ಚೀಟಿಗೆ ಅಷ್ಟು ಸಾಕು. ಫ್ರೀಟೈಪಲ್ಲೂ ಪಿಎನ್‌ಜಿ, ಬ್ರಾಟ್ಲಿ, ಬಿಝಿಪ್ 2 ಅನ್ನೋ ಬೇರೆ ಲೈಬ್ರರಿಗಳನ್ನೆಲ್ಲಾ ತೆಗ್ದೆ, ಇಲ್ಲಾಂದ್ರೆ ಕೊನೇಲಿ ಲಿಂಕ್ ಮಾಡುವಾಗ ಅವೂ ಸಾಲಾಗಿ ಬಂದು ನಿಲ್ತವೆ. ಇನ್ನೊಂದು, ಪಿಕೆಜಿ ಕಾನ್ಫಿಗ್‌ಗೆ ಫ್ರೀಟೈಪ್ ವರ್ಷನ್ ಕೇಳಿದ್ರೆ ಉಬುಂಟು 22.04ರಲ್ಲಿ 24ರಿಂದ ಶುರುವಾಗೋ ನಂಬರ್ ಬರುತ್ತೆ, ಅಲ್ಲಿರೋದು 2.11.1. ಗಾಬರಿ ಬೇಡ, ಅದು ಲೈಬ್ರರಿಯ ಒಳಗಿನ ಬೇರೆ ನಂಬರು.

ಬಳಸೋದು ಮಾತ್ರ ನಿಜಕ್ಕೂ ಸುಲಭ. ಒಳಗಡೆ ಸಿ ಪ್ಲಸ್ ಪ್ಲಸ್ ಆದ್ರೂ ಹೊರಗಡೆ ನಮಗೆ ಕಾಣೋದು ಸಿ ಫಂಕ್ಷನ್‌ಗಳು. ಒಂದು ಬಫರ್ ಮಾಡ್ಬೇಕು, ಹೆಸರನ್ನ ಯುಟಿಎಫ್ 8ರಲ್ಲಿ ಹಾಕ್ಬೇಕು, ಲಿಪಿ ಕನ್ನಡ, ಭಾಷೆ ಕನ್ನಡ, ಎಡದಿಂದ ಬಲಕ್ಕೆ ಅಂತ ಹೇಳ್ಬೇಕು, ಶೇಪ್ ಅಂತ ಕರೀಬೇಕು. ಯಾವ ಚಿತ್ರ, ಎಷ್ಟು ಮುಂದೆ ಹೋಗ್ಬೇಕು, ಎಷ್ಟು ಪಕ್ಕಕ್ಕೆ ಎಷ್ಟು ಕೆಳಗೆ ಅಂತ ಎರಡು ಪಟ್ಟಿ ವಾಪಸ್ ಕೊಡುತ್ತೆ. ಫ್ರೀಟೈಪ್ ಜತೆ ಸೇರಿಸಿದಾಗ ಈ ಅಳತೆ ಎಲ್ಲಾ ಪಿಕ್ಸೆಲ್‌ನ 64 ಪಟ್ಟು ಇರುತ್ತೆ, ನಾನು ಮೊದಲು ಭಾಗಿಸದೇ ಹಾಕಿದ್ದಕ್ಕೆ ಮೊದಲನೇ ಅಕ್ಷರ ಬಿಟ್ಟು ಮಿಕ್ಕಿದ್ದೆಲ್ಲಾ ಪೇಪರಿಂದ ಆಚೆ ಹೋಗಿತ್ತು. ಮೇಲೆ ಕೆಳಗೆ ಲೆಕ್ಕ ಕೂಡ ಉಲ್ಟಾ, ಅದರಲ್ಲಿ ಮೇಲೆ ಹೋದಷ್ಟೂ ಜಾಸ್ತಿ, ನಮ್ಮ ಚಿತ್ರದಲ್ಲಿ ಕೆಳಗೆ ಹೋದಷ್ಟೂ ಜಾಸ್ತಿ.

ಎಲ್ಲಾ ಸರಿಹೋಯ್ತು ಅಂದ್ಕೊಂಡಾಗ ಮಾವ ಫೋನ್ ಮಾಡಿ "ರಾಜ್‌ಕುಮಾರ್ ಅಂತ ಒಬ್ರವ್ರೆ, ಅವ್ರ ಹೆಸ್ರು ಜ ಕೆಳಗೆ ಕ ಒತ್ತು ಕೊಟ್ಟು ಬಂದೈತೆ ನೋಡು" ಅಂದ್ರು. ರಾಜ್ಕುಮಾರ್ ಅಂತ ಬಂದಿತ್ತು. ಇದ್ರಲ್ಲಿ ಹಾರ್ಫ್‌ಬಜ್‌ದು ಏನೂ ತಪ್ಪಿಲ್ಲ, ತಪ್ಪು ನನ್ನದೇ. ಜ್ ಆದ್ಮೇಲೆ ಕಣ್ಣಿಗೆ ಕಾಣದ ಒಂದು ಕೋಡ್ ಇರುತ್ತೆ, ಇಲ್ಲಿ ಒತ್ತು ಮಾಡ್ಬೇಡ ಅಂತ ಹೇಳೋಕೆ, ನಾನು ಹೆಸರಿನ ಪಟ್ಟಿ ಕ್ಲೀನ್ ಮಾಡೋ ಸ್ಕ್ರಿಪ್ಟಲ್ಲಿ ಕಾಣದ ಕ್ಯಾರೆಕ್ಟರ್ ಎಲ್ಲಾ ಕಸ ಅಂತ ತೆಗ್ದಿದ್ದೆ. ಕನ್ನಡದಲ್ಲಿ ಅದು ಕಸ ಅಲ್ಲ. ರ‍್ಯಾಂಕ್ ಅಂತ ಬರೆಯೋಕೂ ಅಂಥದೇ ಇನ್ನೊಂದು ಬೇಕು, ಇಲ್ಲಾಂದ್ರೆ ಅರ್ಕಾವತ್ತು ಬಂದುಬಿಡುತ್ತೆ. ಇವೆರಡನ್ನ ಯಾವ ಕಾರಣಕ್ಕೂ ತೆಗೀಬೇಡಿ. ಎಲ್ಲಾ ಸದಸ್ಯರ ಹೆಸರನ್ನೂ ಮತ್ತೆ ಪ್ರಿಂಟ್ ಮಾಡಿ ಮಾವನ ಜತೆ ಕೂತು ಒಂದೊಂದೇ ಓದಿಸ್ದೆ, ಇನ್ನೂ ಎರಡು ಅಂಥವೇ ಸಿಕ್ಕಿದ್ವು.

ಇನ್ನು ಅಕ್ಷರದ ಗಾತ್ರ. ಥರ್ಮಲ್ ಪೇಪರಲ್ಲಿ ಕಪ್ಪು ಇಲ್ಲಾ ಬಿಳಿ, ಮಧ್ಯ ಬೂದು ಇಲ್ಲ, 24 ಪಿಕ್ಸೆಲ್ ಇಟ್ಟಾಗ ಕ್ಷ್ಮ ದ ಕೆಳಗಿನ ಒತ್ತು ಮುದ್ದೆ ಆಗ್ತಿತ್ತು, ಅದರ ಜತೆ ಸಾಲಿನ ಎತ್ತರಾನ ನಾನು ಇಂಗ್ಲಿಷ್ ಅಕ್ಷರದ ಲೆಕ್ಕದಲ್ಲಿ ಇಟ್ಟಿದ್ದಕ್ಕೆ ಒತ್ತಿನ ತಳ ಕತ್ತರಿಸಿ ಹೋಗ್ತಿತ್ತು. ಸಾಲಿನ ಎತ್ತರಾನ ಫಾಂಟ್ ಹೇಳೋ ಅಳತೆಗೇ ಬಿಟ್ಟೆ. ಡೆಬಿಯನಲ್ಲಿ ಗುಬ್ಬಿ, ನವಿಲು ಅಂತ ಕನ್ನಡದ ಫಾಂಟ್ ಪ್ಯಾಕೇಜ್‌ಗಳಿವೆ, ಲೋಹಿತ್ ಇದೆ, ಎಲ್ಲವನ್ನೂ ಪೇಪರಲ್ಲಿ ಪ್ರಿಂಟ್ ಮಾಡಿ ನೋಡ್ದೆ, ಸ್ಕ್ರೀನಲ್ಲಿ ಚೆನ್ನಾಗಿ ಕಂಡಿದ್ದು ಪೇಪರಲ್ಲಿ ಹಂಗೇ ಇರಲ್ಲ. ಕೊನೆಗೆ ಹೆಸರಿಗೆ ಮಾತ್ರ ನೋಟೋ ಸಾನ್ಸ್ ಕನ್ನಡ 36 ಪಿಕ್ಸೆಲ್, ಮಿಕ್ಕ ಸಾಲುಗಳಿಗೆ 28 ಅಂತ ಇಟ್ಟಿದೀನಿ, ಚೀಟಿ ಮೊದಲಿಗಿಂತ ಒಂದು ಬೆರಳು ಉದ್ದ ಆಯ್ತು. ಪೇಪರ್ ರೋಲ್ ಬೇಗ ಖಾಲಿ ಆಗುತ್ತೆ ಅಂತ ಮಾವ ಒಂದ್ಸಲ ಅಂದ್ರು, ಆದ್ರೆ ಸಣ್ಣದು ಮಾಡು ಅಂತ ಹೇಳ್ಲಿಲ್ಲ.