ಮೊದಲು ಹಿಂಹಲಗೆ, ಆಮೇಲೆ ಆಕ್ಸಲ್: ದೋಣಿ ಟ್ರೇಲರ್ ಹೊಂದಿಸಿದ ನನ್ನ ಅನುಭವ

ದೋಣಿ ಕೂರುವ ಟ್ರೇಲರಿನ ಬದಿ ಹಲಗೆಗಳು ದೋಣಿಯ ಹಿಂಹಲಗೆಗಿಂತ (ಎಂಜಿನ್ ಕೂರಿಸುವ ಹಿಂಬದಿಯ ಗೋಡೆ) ಒಂದು ಗೇಣು ಮೊದಲೇ ಮುಗಿದರೆ ಏನೂ ಆಗುವುದಿಲ್ಲ ಎನ್ನುವವರು ಕಾರವಾರದಲ್ಲಿ ಈಗಲೂ ಇದ್ದಾರೆ. ಆಗುತ್ತದೆ. ಎಂಜಿನ್ನಿನ ನಲವತ್ತು ಕೆ.ಜಿ. ಭಾರವೆಲ್ಲ ಹಿಂಹಲಗೆಯ ಮೇಲೆ. ಅದರಡಿ ಆಸರೆ ಇಲ್ಲದಿದ್ದರೆ ಹಲಗೆ ಮುಗಿಯುವ ಗೆರೆಯಲ್ಲೇ ತಳ ಒಳಕ್ಕೆ ಒತ್ತುತ್ತದೆ. ಫೈಬರ್ ಮೇಲೆ ಮೊದಲು ಕೂದಲೆಳೆ ಬಿರುಕು, ಆಮೇಲೆ ತಳಕ್ಕೇ ಬಾಗು. ಅಂಥ ದೋಣಿ ಮೂತಿ ತಗ್ಗಿಸಿಕೊಂಡೇ ಓಡುತ್ತದೆ, ಎಣ್ಣೆ ಜಾಸ್ತಿ ಕುಡಿಯುತ್ತದೆ.

ಹಲಗೆಯನ್ನೇ ಹಿಂದಕ್ಕೆ ಉದ್ದ ಮಾಡುವ ಉಪಾಯ ಎಲ್ಲರೂ ಹೇಳುತ್ತಾರೆ. ಆದರೆ ಟ್ರೇಲರಿನ ಹಿಂದಿನ ಅಡ್ಡಪಟ್ಟಿ ದಾಟಿ ಚಾಚಿದ ತುದಿ ಭಾರಕ್ಕೆ ಬಗ್ಗುತ್ತದೆ, ಆಸರೆಯೇ ಆಗುವುದಿಲ್ಲ. ಸರಿಯಾದದ್ದು ಇಷ್ಟೇ: ಹಿಂಹಲಗೆ ಅಡ್ಡಪಟ್ಟಿಯ ನೇರಕ್ಕೆ ಬರುವಷ್ಟು ದೋಣಿಯನ್ನು ಮುಂದೆ ಎಳೆದು, ದೋಣಿಯ ಮೂತಿ ಎಳೆದು ಕಟ್ಟುವ ವಿಂಚ್ ಕಂಬವನ್ನು ಮೂತಿ ನಿಂತಲ್ಲಿಗೆ ತಂದು ಬಿಗಿಯಬೇಕು. ನನ್ನ ಹದಿನೆಂಟು ಅಡಿಯ ದೋಣಿ ಸುಮಾರು ಒಂಬತ್ತು ಇಂಚು ಮುಂದೆ ಬಂತು. ಆಗ ಟ್ರೇಲರನ್ನು ಗಾಡಿಗೆ ಸಿಕ್ಕಿಸುವ ಕೊಂಡಿಯ ಮೇಲಿನ ಭಾರ ಎಂಬತ್ತು ಕೆ.ಜಿ. ಹತ್ತಿರ ಹೋಗಿ ಎಳೆಯುವ ಗಾಡಿಯ ಹಿಂಭಾಗ ಕುಸಿಯಿತು. ಇದಕ್ಕೆ ಹೆದರಿಯೇ ಜನ ದೋಣಿಯನ್ನು ಹಿಂದೆ ಬಿಡುವುದು.

ಆ ಭಾರ ಇಳಿಸಲು ಸರಿಸಬೇಕಾದದ್ದು ಆಕ್ಸಲ್. ಬೆಸುಗೆ ಕಿತ್ತರೆ ಟ್ರೇಲರ್ ಕೈಬಿಟ್ಟಂತೆ ಎಂದು ವೆಲ್ಡಿಂಗ್‌ನವರು ಹೆದರಿಸಿದರು. ನಾನು ಸ್ಪ್ರಿಂಗ್ ಪಟ್ಟಾಗಳ ಹಿಡಿಕೆಗಳನ್ನು ಬಿಡಿಸಿ, ಎಂಟು ಎಂ.ಎಂ. ಪ್ಲೇಟು ಮತ್ತು ಯು-ಬೋಲ್ಟಿನಲ್ಲಿ ಚಾಸಿಗೆ ಕಚ್ಚಿಸಿದೆ, ಇವತ್ತಿಗೂ ಕದಲಿಲ್ಲ. ಕೊಂಡಿಯಿಂದ ಎರಡೂ ಚಕ್ರಕ್ಕೆ ಟೇಪು ಹಿಡಿದು ಅಳತೆ ಒಂದೇ ಇದೆಯೇ ನೋಡಬೇಕು, ಇಲ್ಲವಾದರೆ ಟೈರು ಒಂದೇ ಬದಿ ಸವೆಯುತ್ತದೆ. ದೋಣಿ, ಬಲೆ, ಐಸ್ ಪೆಟ್ಟಿಗೆ, ಟ್ರೇಲರ್ ಎಲ್ಲ ಸೇರಿ ನನ್ನದು ಆರುನೂರ ಮೂವತ್ತು ಕೆ.ಜಿ. ಆಸುಪಾಸು, ಕೊಂಡಿಯಿಂದ ಆಕ್ಸಲ್‌ಗೆ ನಾಲ್ಕು ಮೀಟರ್. ಈ ಲೆಕ್ಕದಲ್ಲಿ ಆಕ್ಸಲ್ ಒಂದು ಇಂಚು ಮುಂದೆ ಹೋದರೆ ಕೊಂಡಿಯಲ್ಲಿ ನಾಲ್ಕು ಕೆ.ಜಿ. ಇಳಿಯುತ್ತದೆ. ಏಳೆಂಟು ಇಂಚಿಗೆ ಐವತ್ತಕ್ಕೆ ಬಂತು, ಅಂದರೆ ಒಟ್ಟು ಭಾರದ ಶೇ. 8. ಶೇ. 5ಕ್ಕಿಂತ ಕಡಿಮೆಯಾದರೆ ಹೆದ್ದಾರಿ 66ರಲ್ಲಿ ಟ್ರೇಲರ್ ಬಾಲ ಬೀಸುವ ಅಪಾಯ ಹೆಚ್ಚು. ತೂಗಲು ಮೀನಿನ ನೇತಾಡುವ ತಕ್ಕಡಿ ಸಾಕು: ಮೂರು ಬಿದಿರು ನಿಲ್ಲಿಸಿ, ಕೊಂಡಿಯನ್ನು ಗಾಡಿಗೆ ಸಿಕ್ಕಿಸುವ ಎತ್ತರದಲ್ಲೇ ತೂಗಿ.

ಭಾರದ ಹೆಚ್ಚು ಪಾಲು ಹೊರಬೇಕಾದದ್ದು ಕೀಲ್, ಅಂದರೆ ದೋಣಿಯ ತಳದ ನಡುವಿನ ಉದ್ದ ಬೆನ್ನು. ಬದಿ ಹಲಗೆ ಮುಖ್ಯವಾಗಿ ದೋಣಿ ಓಲದಂತೆ ಹಿಡಿಯಲು. ನಡುವಿನ ರಬ್ಬರ್ ರೋಲರ್‌ಗಳು ಬಿಸಿಲಿಗೆ ಚಪ್ಪಟೆಯಾಗಿ ತಳಕ್ಕೆ ಗುಳಿ ಹಾಕುತ್ತಿದ್ದವು. ಹಿಂದಿನದೊಂದನ್ನು ಬಿಟ್ಟು ಉಳಿದವು ತೆಗೆದು ಮತ್ತಿ ಮರದ ನಡು ಹಲಗೆ ಹಾಕಿದೆ. ದೋಣಿಯೊಳಗೆ ತಟ್ಟುತ್ತ ಹೋದರೆ ಸದ್ದು ಟೊಳ್ಳಾಗಿರದೆ ಗಟ್ಟಿಯಾಗುವ ಕಡೆ ತಳಕ್ಕೆ ಬಲ ಕೊಡುವ ಉದ್ದ ಪಟ್ಟಿ ಇರುತ್ತದೆ. ಬದಿ ಹಲಗೆ ಅದರಡಿಗೇ ಬರಬೇಕು, ಎರಡು ಪಟ್ಟಿಯ ನಡುವೆ ಬಂದರೆ ತೆಳು ಫೈಬರ್ ಒತ್ತುತ್ತದೆ. ಮೊದಲು ಬದಿ ಹಲಗೆಗಳನ್ನು ಪೂರ್ತಿ ಇಳಿಸಿ, ದೋಣಿ ಕೀಲ್ ಮೇಲೆ ಕೂತ ನಂತರ ಒಂದೊಂದನ್ನೇ ಮುಟ್ಟುವವರೆಗೆ ಏರಿಸಿ ಬೋಲ್ಟ್ ಬಿಗಿಯಿರಿ. ಮರಕ್ಕೆ ಸೀಮೆಸುಣ್ಣ ಬಳಿದು ದೋಣಿ ಇಟ್ಟು ತೆಗೆದರೆ ಎಲ್ಲಿ ಒತ್ತಿದೆ, ಎಲ್ಲಿ ಮುಟ್ಟಿಲ್ಲ, ತಳದ ಮೇಲೆಯೇ ಅಚ್ಚು ಕಾಣುತ್ತದೆ. ತುದಿಯಿಂದ ತುದಿಗೆ ಬಿಳಿ ಗೆರೆ ಬರುವವರೆಗೆ ಬಿಡಬೇಡಿ. ಕಾರ್ಪೆಟ್ ಹೊದಿಸುವುದು ಆಮೇಲೆ.

ಹೊದಿಕೆಯಲ್ಲಿ ಬೇರೆಯವೂ ನೋಡಿದ್ದಾಯಿತು. ಕತ್ತದ ಚಾಪೆ ಮರಳು ಹಿಡಿದು ತಳ ಉಜ್ಜುತ್ತದೆ. ಸೀಳಿದ ಪಿವಿಸಿ ಪೈಪು ವಿಪರೀತ ಜಾರು, ವಿಂಚ್ ಬಿಚ್ಚಿದ ಕ್ಷಣಕ್ಕೆ ದೋಣಿ ಇಳಿಜಾರಿನಲ್ಲಿ ಹೊರಟುಬಿಡುತ್ತದೆ. ನೈಲಾನ್ ಕಾರ್ಪೆಟ್, ಸ್ಟೇನ್‌ಲೆಸ್ ಪಿನ್ನು, ಇಷ್ಟೇ ಸರಿ. ಕಾರ್ಪೆಟ್ಟಿನಡಿ ನಾನು ಹಾಕುವ ಪದರ ಯಾವುದೆಂದು ಇಲ್ಲಿ ಬರೆಯುವುದಿಲ್ಲ, ಅದು ನನ್ನ ಕೈಗುಣ ಎಂದುಕೊಳ್ಳಿ.

ಹೊಸ ಟ್ರೇಲರಿಗೆ ಲಕ್ಷದ ಮೇಲೆ ಕೇಳಿದ್ದರು. ಮರ, ಪ್ಲೇಟು, ಬೋಲ್ಟು, ವೆಲ್ಡಿಂಗ್ ಕೂಲಿ ಸೇರಿ ನನಗೆ ತಗಲಿದ್ದು ಹದಿನಾಲ್ಕು ಸಾವಿರದಷ್ಟು. ಅದರಲ್ಲಿ ಹೆಚ್ಚು ಮರಕ್ಕೇ.

ಕಾಳಿ ನದಿಯ ದಡಕ್ಕೆ ಬಂದ ಕೂಡಲೇ ಚಕ್ರ ಮುಳುಗಿಸಬೇಡಿ. ಚಕ್ರದ ನಡುವಿನ ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲ್ ದಾಟಿ ಉಪ್ಪುನೀರು ಎಳೆದುಕೊಳ್ಳುತ್ತದೆ, ಬೇರಿಂಗ್ ಹೋಯಿತು. ಹಬ್ ಮೇಲೆ ಕೈ ಇಡುವಷ್ಟು ಆರಿದ ಮೇಲೆ ಇಳಿಸಿ. ಮಳೆಗಾಲಕ್ಕೆ ದೋಣಿ ಟ್ರೇಲರ್ ಮೇಲೇ ಇರುವುದಾದರೆ ತಳದ ಬಿರಡೆ ತೆಗೆದು, ಮೂತಿ ಎತ್ತರಿಸಿ, ಆಕ್ಸಲ್ ಬಳಿ ಮತ್ತು ಹಿಂದಿನ ಅಡ್ಡಪಟ್ಟಿಯಡಿ ಚಪ್ಪಡಿ ಕೊಡಿ. ಐನೂರು ಲೀಟರ್ ಮಳೆನೀರು ನಿಂತರೂ ಅರ್ಧ ಟನ್, ಅದು ಜಾರಿ ಸೇರುವುದು ಹಿಂಹಲಗೆಯ ಬುಡಕ್ಕೇ.