ಟ್ರೆಡ್‌ಮಿಲ್ ಸಾಗಿಸಬೇಕೇ? ಮೊದಲು ಬಿಚ್ಚಿ, ಆಮೇಲೆ ಕಟ್ಟಿ, ಕೊನೆಗೆ ಎತ್ತಿ

ಮನೆ ಬದಲಿಸುವಾಗ ಪಾತ್ರೆ ಪಗಡಿ, ಬಟ್ಟೆ ಬರೆ, ಮಂಚ, ಬೀರು ಎಲ್ಲವೂ ಹೇಗೋ ಹೊರಡುತ್ತವೆ. ಮೂಲೆಯ ಟ್ರೆಡ್‌ಮಿಲ್ ಮಾತ್ರ ಕೊನೆಯವರೆಗೂ ಕದಲುವುದಿಲ್ಲ. ಅಷ್ಟರಲ್ಲಿ ಎಲ್ಲರೂ ಸುಸ್ತಾಗಿರುತ್ತಾರೆ. ಯಾರೋ ಒಬ್ಬರು "ಬನ್ನಿ, ನಾಲ್ಕು ಜನ ಸೇರಿ ಎತ್ತಿಬಿಡೋಣ" ಅನ್ನುತ್ತಾರೆ. ಅಪಾಯ ಶುರುವಾಗುವುದೇ ಆ ಮಾತಿನಿಂದ.

ಬೀರುವೂ ಭಾರವೇ. ಆದರೆ ಬೀಗ ಹಾಕಿದರೆ ಅದು ಸುಮ್ನೆ ನಿಂತಿರುತ್ತದೆ. ವ್ಯಾಯಾಮದ ಯಂತ್ರ ಹಾಗಲ್ಲ. ತಿರುಗುವುದಕ್ಕೆ, ಜಾರುವುದಕ್ಕೆ, ಮಡಚುವುದಕ್ಕೆ ಅಂತಲೇ ಅದನ್ನು ಮಾಡಿರುತ್ತಾರೆ. ಎತ್ತಿದ ಕೂಡಲೇ ಪೆಡಲ್ ಗರಕ್ಕನೆ ತಿರುಗುತ್ತದೆ, ಕೈಹಿಡಿ ಮುಖಕ್ಕೆ ಬೀಸುತ್ತದೆ, ಮಡಚಿಟ್ಟ ಹಲಗೆ ಬಿಚ್ಚಿಕೊಂಡು ಕೆಳಗೆ ಬರುತ್ತದೆ. ಸಾಲದ್ದಕ್ಕೆ ಭಾರವೆಲ್ಲ ಮೋಟಾರೋ ಚಕ್ರವೋ ಇರುವ ಒಂದೇ ತುದಿಯಲ್ಲಿರುತ್ತದೆ. ಹಿಡಿದವರ ಆಯ ತಪ್ಪುವುದು ಇದರಿಂದಲೇ.

ಹಾಗಾಗಿ ಕೆಲಸದ ಕ್ರಮ ಹೀಗಿರಲಿ. ಬಿಚ್ಚಲು ಬರುವುದನ್ನು ಬಿಚ್ಚಿ. ಅಲುಗಾಡುವುದನ್ನು ಕಟ್ಟಿ. ಉರುಳಿಸಲು ಆಗುವುದನ್ನು ಉರುಳಿಸಿ. ಇಷ್ಟಾದ ಮೇಲೂ ಉಳಿದದ್ದನ್ನಷ್ಟೇ ಎತ್ತಿ.

ಮೊದಲು ಅಳತೆ, ತೂಕ

ಯಂತ್ರದ ತೂಕ ಎಷ್ಟು ಅಂತ ಅಂದಾಜು ಮಾಡಬೇಡಿ. ಕೈಪಿಡಿಯಲ್ಲಿ ಬರೆದಿರುತ್ತದೆ. ಅದು ಕಳೆದುಹೋಗಿದ್ದರೆ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಮಾಡೆಲ್ ಸಂಖ್ಯೆ ಇರುತ್ತದೆ, ಅದನ್ನಿಟ್ಟುಕೊಂಡು ಹುಡುಕಬಹುದು. ಮನೆ ಬಳಕೆಯ ಟ್ರೆಡ್‌ಮಿಲ್‌ಗಳೇ 50 ಕಿಲೋದಿಂದ 100 ಕಿಲೋ ದಾಟುವವರೆಗೂ ಇರುತ್ತವೆ.

ಒಬ್ಬರು ಎಷ್ಟು ಎತ್ತಬಹುದು? ಕೆಲಸದ ಜಾಗದ ಸುರಕ್ಷತೆಯ ಬಗ್ಗೆ ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಇದಕ್ಕೊಂದು ಸೂತ್ರ ಕೊಟ್ಟಿದೆ. ಎಲ್ಲವೂ ಅನುಕೂಲವಾಗಿದ್ದಾಗ ಆ ಸೂತ್ರದ ಮಿತಿ 23 ಕಿಲೋ. ಅಂದರೆ ವಸ್ತು ಮೈಗೆ ಹತ್ತಿರ ಇರಬೇಕು, ಹಿಡಿತ ಚೆನ್ನಾಗಿರಬೇಕು, ಮೈ ತಿರುಚಬಾರದು. ವಸ್ತು ಮೈಯಿಂದ ದೂರ ಹೋದಷ್ಟೂ, ಬಗ್ಗಿ ನೆಲದಿಂದ ಎತ್ತಿದಷ್ಟೂ ಆ ಮಿತಿ ಇಳಿಯುತ್ತಾ ಹೋಗುತ್ತದೆ. ಟ್ರೆಡ್‌ಮಿಲ್ ಎತ್ತುವಾಗ ಇವೆರಡೂ ಆಗುತ್ತವೆ. 90 ಕಿಲೋ ಯಂತ್ರಕ್ಕೆ ನಾಲ್ಕು ಜನ ಸಾಕು ಅನ್ನುವ ಲೆಕ್ಕ ಕಾಗದದ ಮೇಲೆ ಸರಿ. ಆದರೆ ಬಾಗಿಲಲ್ಲಿ, ಮೆಟ್ಟಿಲಲ್ಲಿ ನಾಲ್ಕು ಜನ ಅಕ್ಕಪಕ್ಕ ನಿಲ್ಲುವುದಕ್ಕೆ ಜಾಗವೇ ಇರುವುದಿಲ್ಲ. ಅಲ್ಲಿ ಇಬ್ಬರೇ ಹೊರಬೇಕಾಗುತ್ತದೆ.

ಆಮೇಲೆ ಅಳತೆ ಟೇಪ್ ತೆಗೆದುಕೊಳ್ಳಿ. ಯಂತ್ರವನ್ನು ಮಡಚಿದಾಗ ಎಷ್ಟು ಅಗಲ, ಎಷ್ಟು ಎತ್ತರ ಅಂತ ಬರೆದುಕೊಳ್ಳಿ. ದಾರಿಯಲ್ಲಿ ಬರುವ ಪ್ರತಿ ಬಾಗಿಲನ್ನೂ ಅಳೆಯಿರಿ. ಚೌಕಟ್ಟಿನಿಂದ ಚೌಕಟ್ಟಿಗೆ ಅಳೆದರೆ ಸಾಲದು. ಕದ ಪೂರ್ತಿ ತೆರೆದಾಗ ಉಳಿಯುವ ಜಾಗ ಎಷ್ಟು ಅನ್ನುವುದೇ ಮುಖ್ಯ. ಚಿಲಕ, ಹಿಡಿಕೆ ಎಲ್ಲವೂ ಜಾಗ ತಿನ್ನುತ್ತವೆ. ಸ್ವಲ್ಪದರಲ್ಲಿ ಸಿಕ್ಕಿಕೊಳ್ಳುತ್ತದೆ ಅನಿಸಿದರೆ ಕದವನ್ನೇ ತಿರುಗಣಿಯಿಂದ ಕಳಚಿಡಿ. ಮೆಟ್ಟಿಲಿನ ತಿರುವು, ಲಿಫ್ಟಿನ ಒಳಗಿನ ಅಳತೆ, ಲಿಫ್ಟ್ ಹೊರುವ ಭಾರ ಎಲ್ಲವನ್ನೂ ನೋಡಿಕೊಳ್ಳಿ. 80 ಕಿಲೋ ಯಂತ್ರವನ್ನು ಅರ್ಧ ದಾರಿಯಲ್ಲಿ ಹಿಡಿದುಕೊಂಡು ಯೋಚನೆ ಮಾಡುವ ಪರಿಸ್ಥಿತಿ ಬರಬಾರದು, ಅಲ್ವಾ?

ಬಿಚ್ಚುವ ಕೆಲಸ

ಟ್ರೆಡ್‌ಮಿಲ್ ಏರು ಮಟ್ಟದಲ್ಲಿದ್ದರೆ ಪ್ಲಗ್ ಕೀಳುವ ಮೊದಲೇ ಅದನ್ನು ಸೊನ್ನೆಗೆ ಇಳಿಸಿ. ಏರು ಮಟ್ಟದಲ್ಲಿ ಇರುವಾಗಲೇ ಮಡಚಿದರೆ ಅನೇಕ ಮಾಡೆಲ್‌ಗಳಲ್ಲಿ ಚೌಕಟ್ಟಿಗೆ ಪೆಟ್ಟಾಗುತ್ತದೆ. ಆಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ ಕಿತ್ತು, ವೈರನ್ನು ಸುತ್ತಿ ಟೇಪ್ ಹಚ್ಚಿ. ನೆಲದಲ್ಲಿ ಎಳೆದಾಡುವ ವೈರಿಗೆ ಕಾಲು ಸಿಕ್ಕಿದರೆ ಕಥೆ ಮುಗಿಯಿತು. ಕೆಂಪು ಸುರಕ್ಷತಾ ಕೀಲಿಯನ್ನು ತೆಗೆದು ಜೋಪಾನವಾಗಿಡಿ. ಅದಿಲ್ಲದೆ ಯಂತ್ರ ಓಡುವುದಿಲ್ಲ.

ಬಿಚ್ಚುವ ಮೊದಲು ಪ್ರತಿ ಜೋಡಣೆಯ ಫೋಟೊ ತೆಗೆಯಿರಿ, ಹತ್ತಿರದಿಂದ ಒಂದು, ದೂರದಿಂದ ಒಂದು. ಒಂದೊಂದು ಭಾಗದ ಬೋಲ್ಟ್, ವಾಷರ್‌ಗಳನ್ನು ಒಂದೊಂದು ಜಿಪ್ ಕವರಿಗೆ ಹಾಕಿ, ಯಾವ ಭಾಗದ್ದು ಅಂತ ಮೇಲೆ ಬರೆಯಿರಿ. ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದರೆ ಆ ಕಡೆ ಹೋಗಿ ಜೋಡಿಸುವಾಗ ಅರ್ಧ ದಿನ ಹಾಳು.

ಮೀಟರ್ ಇರುವ ಮೇಲಿನ ಭಾಗವನ್ನು ತೆಗೆಯುವಾಗ ಮಾತ್ರ ಆತುರ ಬೇಡ. ಅದರಿಂದ ಒಂದು ತೆಳು ವೈರು ಕಂಬದ ಕೊಳವೆಯೊಳಗೆ ಕೆಳಗಿಳಿದಿರುತ್ತದೆ. ಬೋಲ್ಟ್ ಬಿಚ್ಚಿ ಮೇಲಕ್ಕೆ ಎಳೆದರೆ ಆ ವೈರು ಕಿತ್ತುಬರುತ್ತದೆ. ಒಬ್ಬರು ಮೇಲಿನ ಭಾಗವನ್ನು ಹಿಡಿದುಕೊಂಡಿರಲಿ, ಇನ್ನೊಬ್ಬರು ಕನೆಕ್ಟರಿನ ಕೊಂಡಿಯನ್ನು ಬೆರಳಲ್ಲಿ ಒತ್ತಿ ಬಿಡಿಸಲಿ. ಬಿಡಿಸಿದ ಕೂಡಲೇ ಕೆಳಗಿನ ತುದಿಗೆ ಒಂದು ದಾರ ಕಟ್ಟಿ, ದಾರದ ಇನ್ನೊಂದು ತುದಿಯನ್ನು ಕಂಬದ ಹೊರಗೆ ಅಂಟಿಸಿ. ಇಲ್ಲದಿದ್ದರೆ ವೈರು ಕೊಳವೆಯೊಳಗೆ ಜಾರಿ ಬೀಳುತ್ತದೆ. ಅದನ್ನು ಮತ್ತೆ ಮೇಲೆ ತರುವುದು ದೊಡ್ಡ ತಲೆನೋವು.

ಸೈಕಲ್ಲಿನ ಪೆಡಲ್ ತೆಗೆಯುವಾಗ ಒಂದು ವಿಷಯ ನೆನಪಿರಲಿ. ಬಲಗಡೆಯದು ಮಾಮೂಲಿನಂತೆ ಬಿಚ್ಚುತ್ತದೆ. ಎಡಗಡೆಯದರ ಮರೆ, ಅಂದರೆ ತಿರುಪಿನ ಸುರುಳಿ ಗೆರೆ, ಉಲ್ಟಾ ಇರುತ್ತದೆ. ಅದನ್ನು ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಗೊತ್ತಿಲ್ಲದೆ ಬಲ ಹಾಕಿದವರು ಅದನ್ನು ಇನ್ನಷ್ಟು ಬಿಗಿ ಮಾಡಿ ಮರೆಯನ್ನೇ ಹಾಳುಮಾಡುತ್ತಾರೆ.

ಟ್ರೆಡ್‌ಮಿಲ್: ಎಲ್ಲಿ ಹಿಡಿಯಬೇಕು?

ಮಡಚುವ ಟ್ರೆಡ್‌ಮಿಲ್ ಆದರೆ ಹಲಗೆಯನ್ನು ಮೇಲೆತ್ತಿ, ಕೊಂಡಿ ಕಟಕ್ಕನೆ ಕೂತ ಸದ್ದು ಕೇಳಿಸಿಕೊಳ್ಳಿ. ಹಲಗೆಯನ್ನು ಸ್ವಲ್ಪ ಅಲ್ಲಾಡಿಸಿಯೂ ನೋಡಿ. ಆದರೂ ಕೊಂಡಿಯನ್ನೇ ನಂಬಿಕೊಳ್ಳಬೇಡಿ. ಅದು ನಿಂತ ಯಂತ್ರಕ್ಕೆ ಮಾಡಿದ್ದು. ಸಾಗಿಸುವಾಗಿನ ಅಲುಗಾಟ, ಓರೆ ಅದರ ಲೆಕ್ಕದಲ್ಲಿಲ್ಲ. ಗಟ್ಟಿ ಪಟ್ಟಿಯಿಂದ ಹಲಗೆಯನ್ನೂ ಕಂಬಗಳನ್ನೂ ಸೇರಿಸಿ ಎರಡು ಕಡೆ ಬಿಗಿಯಾಗಿ ಕಟ್ಟಿ. ಹಲಗೆಯನ್ನು ತಡೆದು ನಿಲ್ಲಿಸುವ ಗ್ಯಾಸ್ ಕೊಳವೆಯ ಬೋಲ್ಟನ್ನು ಬಿಚ್ಚಲು ಹೋಗಬೇಡಿ. ಹಲಗೆಯ ಭಾರ ಅದರ ಮೇಲಿರುತ್ತದೆ.

ಹೆಚ್ಚಿನ ಮಡಚುವ ಟ್ರೆಡ್‌ಮಿಲ್‌ಗಳ ಬುಡದಲ್ಲಿ ಸಣ್ಣ ಚಕ್ರಗಳಿರುತ್ತವೆ. ಚಕ್ರದ ಬಳಿ ಒಂದು ಪಾದ ಒತ್ತಿಟ್ಟು, ಯಂತ್ರವನ್ನು ಮೆಲ್ಲಗೆ ವಾಲಿಸಿ, ಭಾರ ಚಕ್ರದ ಮೇಲೆ ಬಂದ ಮೇಲೆ ತಳ್ಳಿ. ಇನ್ನೊಬ್ಬರು ಪಕ್ಕದಲ್ಲಿದ್ದು ಆಸರೆ ಕೊಡಲಿ. ಮಡಚದ ಟ್ರೆಡ್‌ಮಿಲ್ಲಿಗೂ ಮುಂದುಗಡೆ ಚಕ್ರವಿದ್ದರೆ ಹಿಂದಿನ ತುದಿಯನ್ನಷ್ಟೇ ಎತ್ತಿ, ಕೈಗಾಡಿಯ ಥರ ತಳ್ಳಿಕೊಂಡು ಹೋಗಬಹುದು. ಮೋಟಾರಿನ ಭಾರ ಚಕ್ರದ ಮೇಲೇ ಉಳಿಯುತ್ತದೆ.

ಆ ಚಕ್ರಗಳು ನುಣುಪು ನೆಲಕ್ಕೆ ಮಾಡಿದವು. ಹೊಸ್ತಿಲು ಬಂದರೆ ಗಕ್ಕನೆ ನಿಲ್ಲುತ್ತವೆ, ಯಂತ್ರ ಮುಗ್ಗರಿಸುತ್ತದೆ. ಹೊಸ್ತಿಲಿನ ಎರಡೂ ಕಡೆ ಪ್ಲೈವುಡ್ ತುಂಡು ಇಟ್ಟು ಇಳಿಜಾರು ಮಾಡಿಕೊಳ್ಳಿ. ದಪ್ಪ ಕಾರ್ಪೆಟ್ ಇದ್ದರೆ ಅದರ ಮೇಲೂ ಪ್ಲೈವುಡ್ ಹಾಸಿ. ಚಕ್ರವೇ ಇಲ್ಲದಿದ್ದರೆ ದಪ್ಪ ಕಂಬಳಿಯ ಮೇಲಿಟ್ಟು ಎಳೆಯಬಹುದು, ನೆಲಕ್ಕೂ ಗೀರು ಬೀಳುವುದಿಲ್ಲ.

ಎತ್ತಲೇಬೇಕಾದಾಗ ಕಬ್ಬಿಣದ ಚೌಕಟ್ಟಿಗೆ ಮಾತ್ರ ಕೈ ಹಾಕಿ. ಮೋಟಾರಿನ ಮೇಲಿನ ಪ್ಲಾಸ್ಟಿಕ್ ಮುಚ್ಚಳ, ಮೀಟರ್, ರಬ್ಬರ್ ಬೆಲ್ಟ್ ಇವು ಯಾವುವೂ ಹಿಡಿಯುವ ಜಾಗವಲ್ಲ. ಬೆಲ್ಟಿಗೆ ಕೈ ಹಾಕಿ ಎತ್ತಿದರೆ ಅದು ಹೊರಳಿ, ಬೆರಳುಗಳು ರೋಲರಿನ ಸಂದಿಗೆ ಹೋಗುತ್ತವೆ. ಪಕ್ಕದ ಕೈಕಂಬಿಗಳನ್ನು ವಾಲಿಸುವಾಗ ಆಸರೆಗೆ ಹಿಡಿಯಬಹುದು, ಪೂರ್ತಿ ಭಾರ ಹಾಕಿ ಎತ್ತುವುದಕ್ಕಲ್ಲ.

ಉಳಿದ ಯಂತ್ರಗಳು

ನಿಂತುಕೊಂಡು ಕೈಕಾಲು ಒಟ್ಟಿಗೆ ಆಡಿಸುವ ಕ್ರಾಸ್ ಟ್ರೇನರ್‌ನಲ್ಲಿ ಒಂದು ಕೈಹಿಡಿ ಅಲುಗಿದರೆ ಇಡೀ ಯಂತ್ರವೇ ಕುಣಿಯುತ್ತದೆ. ಕೈಹಿಡಿಗಳನ್ನು ಬಿಚ್ಚಿಡುವುದೇ ಒಳ್ಳೆಯದು. ಆಗದಿದ್ದರೆ ಅವನ್ನೂ ಕಾಲಿಡುವ ಹಲಗೆಗಳನ್ನೂ ಚೌಕಟ್ಟಿಗೆ ಬಿಗಿದು ಕಟ್ಟಿ.

ಸ್ಪಿನ್ ಸೈಕಲ್ಲಿನ ಭಾರದ ಚಕ್ರ ಸಾಮಾನ್ಯವಾಗಿ ಮುಂದಿರುತ್ತದೆ. ಹ್ಯಾಂಡಲ್ ಹಿಡಿದು ಮುಂದಕ್ಕೆ ವಾಲಿಸಿದರೆ ಬುಡದ ಚಕ್ರದ ಮೇಲೆ ಉರುಳುತ್ತದೆ. ಸೀಟಿನ, ಹ್ಯಾಂಡಲ್ಲಿನ ತಿರುಪುಗಳು ಬಿಗಿಯಾಗಿರಲಿ. ಸಡಿಲವಿದ್ದರೆ ಹಿಡಿದ ಹ್ಯಾಂಡಲ್ಲೇ ಕೈಗೆ ಬರುತ್ತದೆ.

ನೀರಿನ ತೊಟ್ಟಿ ಇರುವ ರೋಯಿಂಗ್ ಯಂತ್ರವಾದರೆ ನೀರು ಖಾಲಿ ಮಾಡಿ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಅದೂ ಒಳಗೆ ತುಳುಕುತ್ತಾ ಭಾರವನ್ನು ಅತ್ತಿತ್ತ ತಳ್ಳುತ್ತದೆ.

ಕೇಬಲ್ ಎಳೆದು ಭಾರದ ಪ್ಲೇಟುಗಳನ್ನು ಎತ್ತುವ ಮಲ್ಟಿ ಜಿಮ್ ಅನ್ನು ಇಡಿಯಾಗಿ ಸಾಗಿಸುವ ಯೋಚನೆಯೇ ಬೇಡ. ಪ್ಲೇಟುಗಳನ್ನು ಪೂರ್ತಿ ಕೆಳಗಿಳಿಸಿ, ಕೇಬಲ್ ಸಡಿಲವಾಗಿದೆಯೇ ನೋಡಿ. ಎಳೆತದಲ್ಲಿರುವ ಕೇಬಲ್ ಬಿಚ್ಚಿದರೆ ಚಾಟಿಯೇಟು ಖಂಡಿತ. ಆಮೇಲೆ ಪ್ಲೇಟುಗಳ ನಡುವಿನ ಕಂಬಿಗಳನ್ನು ಮೇಲಕ್ಕೆ ತೆಗೆದು, ಪ್ಲೇಟುಗಳನ್ನು ಒಂದೊಂದಾಗಿ ಹೊರಗಿಡಿ. ಚೌಕಟ್ಟು ಬಿಚ್ಚುವುದು ಕೊನೆಗೆ. ಕೊನೆಯ ಬೋಲ್ಟ್ ಬಿಚ್ಚುವಾಗ ಯಾರಾದರೂ ಚೌಕಟ್ಟನ್ನು ಹಿಡಿದುಕೊಂಡಿರಲೇಬೇಕು.

ಸ್ಟ್ಯಾಂಡಿನ ಮೇಲಿರುವ ಬಾರ್ಬೆಲ್‌ನಿಂದ ಒಂದೇ ಕಡೆಯ ಪ್ಲೇಟುಗಳನ್ನೆಲ್ಲ ತೆಗೆಯಬೇಡಿ, ರಾಡು ಎಗರಿ ಬೀಳುತ್ತದೆ. ಈ ಕಡೆ ಒಂದು, ಆ ಕಡೆ ಒಂದು ತೆಗೆಯುತ್ತಾ ಬನ್ನಿ. ಡಂಬೆಲ್, ಪ್ಲೇಟುಗಳಿಗೆ ಸಣ್ಣ ಗಟ್ಟಿ ಪೆಟ್ಟಿಗೆಗಳೇ ಸಾಕು. ದೊಡ್ಡ ಪೆಟ್ಟಿಗೆಯಲ್ಲಿ ಜಾಗವಿದೆ ಅಂತ ತುಂಬಿದರೆ ಎತ್ತುವಾಗ ತಳ ಕಿತ್ತು ಪಾದದ ಮೇಲೆ ಬೀಳುತ್ತದೆ.

ಮೆಟ್ಟಿಲು

ಎಲ್ಲಕ್ಕಿಂತ ಜಾಸ್ತಿ ಅಪಾಯ ಇಲ್ಲಿ. ಇಬ್ಬರು ಹೊತ್ತು ನಡೆಯುವಾಗ ಕೆಳಗಿರುವವರ ಮೇಲೇ ಹೆಚ್ಚು ಭಾರ ಬೀಳುತ್ತದೆ. ಯಂತ್ರ ಜಾರಿದರೆ ಬರುವುದೂ ಅವರ ಕಡೆಗೇ. ಹತ್ತುವಾಗಲೂ ಅಷ್ಟೇ, ಇಳಿಯುವಾಗಲೂ ಅಷ್ಟೇ.

ಮುಚ್ಚಿದ ಶೂ ಇರಲಿ, ಚಪ್ಪಲಿ ಬೇಡವೇ ಬೇಡ. ಜಾರದ ಕೈಗವಸು ಹಾಕಿಕೊಳ್ಳಿ. ಮೆಟ್ಟಿಲ ಮೇಲೆ ಮ್ಯಾಟ್, ಹೂಕುಂಡ ಏನೂ ಇರಬಾರದು. ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ಬೇರೆ ಕೋಣೆಗೆ ಕಳಿಸಿ ಬಾಗಿಲು ಹಾಕಿ.

ಮಾತು ಒಬ್ಬರದೇ ನಡೆಯಬೇಕು. ಅವರು "ಎತ್ತಿ" ಅಂದಾಗ ಎತ್ತುವುದು, "ಇಡಿ" ಅಂದಾಗ ಇಡುವುದು. ಆದರೆ ಯಾರಿಗೇ ಕೈ ಸೋತರೂ "ಇಡಿ" ಅನ್ನುವ ಹಕ್ಕಿದೆ. ನಾಚಿಕೆ ಪಟ್ಟುಕೊಂಡು ತಡೆದುಕೊಳ್ಳುವುದು ಬೇಡ. ಬೆನ್ನು ನೆಟ್ಟಗಿಟ್ಟು, ಮಂಡಿ ಮಡಚಿ ಎತ್ತಿ. ತಿರುಗಬೇಕಾದರೆ ಸೊಂಟ ತಿರುಚದೆ ಕಾಲು ಸರಿಸಿ ತಿರುಗಿ.

ಎರಡು ಚಕ್ರದ ಟ್ರಾಲಿ ಸಿಕ್ಕಿ, ಯಂತ್ರವನ್ನು ಪಟ್ಟಿಯಿಂದ ಅದಕ್ಕೆ ಬಿಗಿದರೆ ಕೆಲಸ ಎಷ್ಟೋ ಹಗುರ. ಟ್ರಾಲಿಯ ಹಿಡಿ ಮೇಲಿರುವವರ ಕೈಯಲ್ಲಿರಲಿ. ಒಂದು ಮೆಟ್ಟಿಲು ಇಳಿಸಿ, ನಿಂತು, ಆಮೇಲೆ ಇನ್ನೊಂದು.

ಇನ್ನೊಂದು ಮಾತನ್ನು ಮೊದಲೇ ಒಪ್ಪಿಕೊಂಡಿರಿ. ಯಂತ್ರ ಕೈ ಜಾರಿದರೆ ಯಾರೂ ಅಡ್ಡ ನಿಂತು ತಡೆಯಬಾರದು. ಪಕ್ಕಕ್ಕೆ ಸರಿದುಬಿಡಬೇಕು. ಯಂತ್ರವನ್ನು ಮತ್ತೆ ಕೊಳ್ಳಬಹುದು. ಕೆಳಗಿರುವವರು ಪಕ್ಕಕ್ಕೆ ಸರಿಯಲೂ ಜಾಗವಿಲ್ಲದಷ್ಟು ಇಕ್ಕಟ್ಟು ಮೆಟ್ಟಿಲೇ? ಹಾಗಾದರೆ ಭಾರದ ಟ್ರೆಡ್‌ಮಿಲ್ಲನ್ನು ಮನೆಯವರು ಇಳಿಸಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇದೇ ಕಸುಬು ಮಾಡುವವರನ್ನು ಕರೆಸಿ. ಬೆನ್ನುನೋವು, ಹರ್ನಿಯಾ, ಹೃದಯದ ತೊಂದರೆ ಇರುವವರು, ಗರ್ಭಿಣಿಯರು ಭಾರಕ್ಕೆ ಕೈ ಹಾಕುವುದೇ ಬೇಡ. ದಾರಿ ನೋಡುವುದಕ್ಕೂ ಬಾಗಿಲು ಹಿಡಿಯುವುದಕ್ಕೂ ಒಬ್ಬರು ಬೇಕೇ ಬೇಕಲ್ಲ.

ಗಾಡಿಯಲ್ಲಿ

ಯಂತ್ರವನ್ನು ನೆಟ್ಟಗೆ ನಿಲ್ಲಿಸಿ, ಡ್ರೈವರ್ ಕ್ಯಾಬಿನ್ನಿನ ಹಿಂದಿನ ಗೋಡೆಗೆ ತಾಗಿಸಿ, ಎರಡು ಕಡೆ ಕಟ್ಟಿ. ಪಟ್ಟಿ ಚೌಕಟ್ಟಿನ ಮೇಲೆ ಹಾದುಹೋಗಲಿ, ಪ್ಲಾಸ್ಟಿಕ್ಕಿನ ಮೇಲೆ ಬೇಡ. ಮೀಟರಿಗೆ ಕಂಬಳಿ ಸುತ್ತಿ. ಪ್ಲೇಟು, ಡಂಬೆಲ್‌ಗಳು ಗಾಡಿಯ ತಳದಲ್ಲೇ ಇರಲಿ. ಹಿಡಿದುಕೊಳ್ಳುತ್ತೇನೆ ಅಂತ ಯಾರೂ ಯಂತ್ರದ ಜೊತೆ ಹಿಂದೆ ಕೂರಬಾರದು.

ಹೊಸ ಜಾಗದಲ್ಲಿ

ಚಳಿಯಲ್ಲಿ ಬಂದ ಯಂತ್ರ ಬೆಚ್ಚಗಿನ ಕೋಣೆ ಸೇರಿದಾಗ ಒಳಗೆ ತೇವ ಕಟ್ಟಬಹುದು. ಕೆಲವು ಗಂಟೆ ಬಿಟ್ಟು ಪ್ಲಗ್ ಹಾಕಿ. ಜೋಡಿಸುವಾಗ ಎಲ್ಲ ಬೋಲ್ಟ್‌ಗಳನ್ನೂ ಮೊದಲು ಕೈಯಲ್ಲೇ ಕೂರಿಸಿ, ಎಲ್ಲವೂ ಸರಿಯಾಗಿ ಕೂತ ಮೇಲೆ ಸ್ಪ್ಯಾನರ್ ಹಾಕಿ ಬಿಗಿ ಮಾಡಿ. ಮೊದಲನೆಯದನ್ನೇ ಪೂರ್ತಿ ಬಿಗಿದರೆ ಕೊನೆಯದರ ತೂತು ಕೂಡುವುದಿಲ್ಲ. ಕಂಬದೊಳಗಿನ ವೈರು ಎಲ್ಲೂ ಸಿಕ್ಕಿ ನಜ್ಜಾಗದಂತೆ ನೋಡಿಕೊಳ್ಳಿ.

ಟ್ರೆಡ್‌ಮಿಲ್ಲಿನ ಹಿಂದೆ ಗೋಡೆ ಹತ್ತಿರವಿರಬಾರದು. ಓಡುವಾಗ ಕಾಲು ತಪ್ಪಿದರೆ ಬೆಲ್ಟ್ ಹಿಂದಕ್ಕೆ ಎಸೆಯುತ್ತದೆ. ಗೋಡೆಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಂಡರೆ ಚರ್ಮ ಸುಲಿದುಹೋಗುತ್ತದೆ. ಹಿಂದೆ ಸುಮಾರು 2 ಮೀಟರ್, ಎರಡೂ ಪಕ್ಕ ಅರ್ಧ ಮೀಟರ್ ಜಾಗ ಬಿಡಿ. ಯಂತ್ರ ಕುಂಟುತ್ತಿದ್ದರೆ ಬುಡದ ತಿರುಪು ತಿರುಗಿಸಿ ಮಟ್ಟ ಮಾಡಿ.

ಮೊದಲ ಸಲ ಚಾಲೂ ಮಾಡುವಾಗ ಬೆಲ್ಟಿನ ಮೇಲೆ ಯಾರೂ ನಿಲ್ಲಬೇಡಿ. ಅತಿ ಕಡಿಮೆ ವೇಗದಲ್ಲಿ ಕೆಲವು ನಿಮಿಷ ಖಾಲಿ ಓಡಿಸಿ, ಹಿಂದೆ ನಿಂತು ನೋಡಿ. ಸಾಗಿಸಿದ ಮೇಲೆ ಬೆಲ್ಟ್ ಒಂದು ಕಡೆಗೆ ಸರಿಯುವುದು ಉಂಟು. ಹಿಂದಿನ ರೋಲರಿನ ಎರಡೂ ತುದಿಯಲ್ಲಿ ಅಲೆನ್ ಕೀ ಹಾಕುವ ಬೋಲ್ಟ್ ಇರುತ್ತವೆ. ಬೆಲ್ಟ್ ಎಡಕ್ಕೆ ಸರಿದಿದ್ದರೆ ಎಡಗಡೆ ಬೋಲ್ಟನ್ನು ಗಡಿಯಾರದ ದಿಕ್ಕಿಗೆ ಕಾಲು ಸುತ್ತು ತಿರುಗಿಸಿ, ಬಲಕ್ಕೆ ಸರಿದಿದ್ದರೆ ಬಲಗಡೆಯದನ್ನು. ಒಂದೆರಡು ನಿಮಿಷ ಓಡಲು ಬಿಟ್ಟು, ಬೇಕಾದರಷ್ಟೇ ಇನ್ನೊಂದು ಕಾಲು ಸುತ್ತು. ಬೋಲ್ಟ್ ತಿರುಗಿಸುವ ಕೈ, ಅಂಗಿಯ ತೋಳು, ಬಿಟ್ಟ ಕೂದಲು ರೋಲರಿಗೆ ತಾಗದಿರಲಿ. ಸುಟ್ಟ ವಾಸನೆಯೋ ಉಜ್ಜುವ ಸದ್ದೋ ಬಂದರೆ ತಕ್ಷಣ ಆಫ್ ಮಾಡಿ ಮೆಕ್ಯಾನಿಕ್ಕಿಗೆ ತೋರಿಸಿ.

ಎಲ್ಲವೂ ಸರಿಯಿದ್ದರೆ ಸುರಕ್ಷತಾ ಕೀಲಿ ತೆಗೆದು ಮಕ್ಕಳ ಕೈಗೆ ಸಿಗದ ಕಡೆ ಇಡಿ. ಒಂದು ವಾರ ಬಳಸಿದ ಮೇಲೆ ಬೋಲ್ಟ್‌ಗಳಿಗೆ ಇನ್ನೊಮ್ಮೆ ಸ್ಪ್ಯಾನರ್ ಹಾಕಿ ನೋಡಿ. ಅಲುಗಾಟಕ್ಕೆ ಒಂದೆರಡಾದರೂ ಸಡಿಲವಾಗಿರುವ ಸಾಧ್ಯತೆ ಇರುತ್ತದೆ.