ಸಮುದ್ರದ ಗಾಳಿಯ ಕರೆಂಟು: ಟೆಂಡರಿನಲ್ಲಿ ನಾನು ಏನೇನು ನೋಡುತ್ತೇನೆ

ವಿದ್ಯುತ್ ಖರೀದಿಯ ಟೆಂಡರು, ಕರಾರುಗಳನ್ನು ಓದಿ ಟಿಪ್ಪಣಿ ಬರೆಯುವುದು ನನ್ನ ಕೆಲಸ. ಮನೆ ಕೊಡಗಿನ ಸಿದ್ದಾಪುರದ ಹತ್ತಿರ, ಕಾಫಿ ತೋಟದ ಒಳಗೇ. ಸಮುದ್ರದಲ್ಲಿ ಗಾಳಿಯಂತ್ರ ನೆಟ್ಟು ತೆಗೆಯುವ ಕರೆಂಟನ್ನು ಒಂದು ರಾಜ್ಯ ಹೇಗೆ ಕೊಳ್ಳುತ್ತದೆ ಅಂತ ಬರೆದುಕೊಡಬೇಕಾಗಿ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಾಗದಗಳನ್ನು ಎತ್ತಿಕೊಂಡೆ. ಅಲ್ಲಿ ಇದಕ್ಕೆ 2016ರಲ್ಲೇ ಕಾನೂನಾಗಿದೆ.

ನಾನು ಮೊದಲು ನೋಡುವುದು ಸಹಿ ಯಾರದು ಅಂತ. ರಾಜ್ಯ ಕೊಳ್ಳುತ್ತದೆ ಅನ್ನುತ್ತೇವೆ ನಿಜ, ಆದರೆ ಕರಾರಿಗೆ ಸಹಿ ಹಾಕುವುದು ಮನೆಮನೆಗೆ ಕರೆಂಟು ಕೊಡುವ ಕಂಪನಿಗಳು. ಇಂಧನ ಇಲಾಖೆ ಜೊತೆಗಿರುತ್ತದೆ. ದರ ನಿಯಂತ್ರಿಸುವ ಸಂಸ್ಥೆ ಒಪ್ಪಿದ ಮೇಲಷ್ಟೇ ಕರಾರು ಜಾರಿ. ನಮ್ಮ ಭಾಗಕ್ಕೆ ಕರೆಂಟು ಕೊಡುವ ಕಂಪನಿ ಸೆಸ್ಕ್ ಕರಾರು ಮಾಡಿಕೊಂಡರೂ ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ ಕೆಇಆರ್‌ಸಿ ಒಪ್ಪಬೇಕು, ಅಲ್ವಾ? ಎರಡೂ ಕಡೆ ದುಡ್ಡು ಬರುವುದು ಗ್ರಾಹಕರ ಬಿಲ್ಲಿನಿಂದಲೇ.

ಆಮೇಲೆ, ಖರ್ಚು ಏರಿದರೆ ಹೊರೆ ಯಾರ ತಲೆಗೆ ಅನ್ನುವ ಷರತ್ತು. ಇದನ್ನು ದರಕ್ಕಿಂತ ಮೊದಲೇ ಓದುತ್ತೇನೆ. ಅಲ್ಲಿ 2018ರಲ್ಲಿ 800 ಮೆಗಾವ್ಯಾಟ್‌ನ ವಿನ್ಯಾರ್ಡ್ ವಿಂಡ್ ಯೋಜನೆ ಮೊದಲು ಆಯ್ಕೆಯಾಯಿತು. ನಂತರ ಗೆದ್ದ ಎರಡು ಯೋಜನೆಗಳ ಕಂಪನಿಗಳು ಬಡ್ಡಿ, ಸಾಮಾನಿನ ಬೆಲೆ ಏರಿತೆಂದು 2023ರಲ್ಲಿ ದಂಡ ಕಟ್ಟಿ ಕರಾರಿನಿಂದ ಹೊರಬಂದವು. ಮುಂದಿನ ಟೆಂಡರಿನಲ್ಲಿ ಬೆಲೆಯೇರಿಕೆಗೆ ತಕ್ಕಂತೆ ದರ ಹೊಂದಿಸಿಕೊಳ್ಳಲು ಅವಕಾಶ ಕೊಟ್ಟರು. ತೀರಾ ಕಡಿಮೆ ದರ ಕಂಡರೆ ನನಗೆ ಖುಷಿಗಿಂತ ಅನುಮಾನವೇ ಜಾಸ್ತಿ.

ಜಾಸ್ತಿ ಹೊತ್ತು ಹೋಗುವುದು ಎಕ್ಸೆಲ್ ಹಾಳೆಯ ಮುಂದೆ. ಅಡ್ಡಕ್ಕೆ 12 ತಿಂಗಳು, ಉದ್ದಕ್ಕೆ 24 ಗಂಟೆ. ಯಾವ ಚೌಕದಲ್ಲಿ ಎಷ್ಟು ಕರೆಂಟು ಬರುತ್ತದೆ ಅಂತ ತುಂಬುತ್ತಾ ಹೋಗುತ್ತೇನೆ. ಮ್ಯಾಸಚೂಸೆಟ್ಸಿನಲ್ಲಿ ಸಮುದ್ರದ ಗಾಳಿ ಜೋರಾಗಿ ಬೀಸುವುದು ಚಳಿಗಾಲದಲ್ಲಿ. ಮನೆ ಬೆಚ್ಚಗಿಡಲು ಗ್ಯಾಸು ಖರ್ಚಾಗಿ, ಕರೆಂಟು ಮಾಡಲು ಅದು ಸಾಲದೇ ಬರುವುದೂ ಆಗಲೇ. ಹಾಗಾಗಿ ಅಲ್ಲಿ ಆ ಯೂನಿಟ್ಟಿಗೆ ಬೆಲೆ ಇದೆ.

ನಮ್ಮ ದೇಶದಲ್ಲಿ 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಸಮುದ್ರದ ಗಾಳಿ ಕರೆಂಟಿಗೆ 7,453 ಕೋಟಿ ರೂಪಾಯಿ ನೆರವಿಗೆ ಒಪ್ಪಿತು. ಗುಜರಾತ್, ತಮಿಳುನಾಡಿನ ಕಡಲಿಗೆ ತಲಾ 500 ಮೆಗಾವ್ಯಾಟ್. ನಮ್ಮಲ್ಲಿ ಗಾಳಿ ಏರುವುದು ಮುಂಗಾರಿನಲ್ಲಿ. ನನ್ನ ಹಾಳೆಯಲ್ಲಿ ಜೂನ್, ಜುಲೈ ತುಂಬಿ ತುಳುಕಿದವು, ಫೆಬ್ರವರಿ, ಮಾರ್ಚ್ ಬಡಕಲಾದವು. ಕೊಡಗಿನಲ್ಲಿ ರೊಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ಹಚ್ಚುವುದು ಆಗಲೇ! ಹೂಮಳೆ ಕೈಕೊಟ್ಟರೆ ಎಲ್ಲ ತೋಟದ ಪಂಪೂ ಒಟ್ಟಿಗೆ ಶುರು. ಹೂ ಬಿಟ್ಟ ಮೇಲೆ ಕಾಯಿ ಕಟ್ಟಲು ಮತ್ತೆ ಹಾಯಿಸುವ ಬ್ಯಾಕಿಂಗ್ ನೀರು ಬೇರೆ.

ಪಕ್ಕದ ತೋಟದ ಅಣ್ಣ ಹಾಳೆ ನೋಡಿ, "ಮಳೆಗಾಲದ ಕರೆಂಟು ಕಟ್ಟಿಕೊಂಡು ನಮಗೇನಪ್ಪಾ?" ಅಂದರು. ಸರಿಯಾದ ಪ್ರಶ್ನೆ. ಉತ್ತರ ನಮ್ಮ ಅಣೆಕಟ್ಟುಗಳಲ್ಲಿದೆ ಅಂತ ನನ್ನ ನಂಬಿಕೆ. ಮುಂಗಾರಿನಲ್ಲಿ ಗಾಳಿ ಕರೆಂಟು ಸಿಕ್ಕಿದರೆ ಲಿಂಗನಮಕ್ಕಿಯಂಥ ಜಲಾಶಯದ ನೀರನ್ನು ಬೇಸಿಗೆಗೆ ಉಳಿಸಬಹುದು. ಜಲಾಶಯ ಕೋಡಿ ಬಿದ್ದ ವರ್ಷ ಉಳಿಸಿದ ನೀರು ಹರಿದೇ ಹೋಗುವುದರಿಂದ ಈ ಲಾಭ ಇಲ್ಲ. ಆದ್ದರಿಂದ ಟಿಪ್ಪಣಿಯಲ್ಲಿ ವರ್ಷಕ್ಕೊಂದೇ ದರ ಬರೆಯದೆ ಮುಂಗಾರಿಗೊಂದು, ಬೇಸಿಗೆಗೊಂದು ಬೆಲೆ ಕಟ್ಟಿದೆ. ಉಳಿಯುವ ನೀರಿನ ಲೆಕ್ಕಕ್ಕೆ ಬೇರೆಯೇ ಕಾಲಂ ಹಾಕಿದೆ.